ಭೇಟಿಗೂ ಭೇಟಿಗೂ ನಡುವಿನ ದಿನಗಳು: ನರರೋಗ ಚಿಕಿತ್ಸಾಲಯಗಳಿಗೆ ಒಂದು ಬಹಿರಂಗ ಪತ್ರ

ನರರೋಗ ಚಿಕಿತ್ಸಾಲಯಗಳನ್ನು ನಡೆಸುತ್ತಿರುವ ತಜ್ಞ ವೈದ್ಯರಿಗೆ, ಅವುಗಳ ಆಡಳಿತ ನೋಡಿಕೊಳ್ಳುವವರಿಗೆ,

ಮಾನ್ಯರೇ,

ಪಾರ್ಕಿನ್‌ಸನ್ ಕಾಯಿಲೆ ಇರುವ ತಂದೆಯನ್ನು ನೋಡಿಕೊಳ್ಳುತ್ತಿರುವ ಮಗಳು ನಾನು. ನರರೋಗಿಗಳ ಮನೆಯವರು ಸೇರಿ ಕಟ್ಟಿಕೊಂಡಿರುವ ಸಣ್ಣ ಗುಂಪೊಂದರಲ್ಲಿಯೂ ಇದ್ದೇನೆ. ಮೂರ್ಛೆ ರೋಗವಿರುವ ಮಕ್ಕಳ ತಾಯಂದಿರು, ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರ ಹೆಂಡಂದಿರು, ತಿಂಗಳಲ್ಲಿ ಅರ್ಧದಷ್ಟು ದಿನ ತಲೆನೋವಿನಲ್ಲೇ ಕಳೆಯುವವರು ಆ ಗುಂಪಿನಲ್ಲಿದ್ದಾರೆ. ನಾವು ಕೂಡಿದಾಗ ಕಾಯಿಲೆಗಿಂತ ಹೆಚ್ಚಾಗಿ ಮಾತಿಗೆ ಬರುವುದು ನಿಮ್ಮ ಚಿಕಿತ್ಸಾಲಯಗಳು. ಆ ಮಾತು ನಮ್ಮನಮ್ಮಲ್ಲೇ ಸುತ್ತುತ್ತಿದ್ದರೆ ಪ್ರಯೋಜನವಿಲ್ಲವೆಂದು ಈ ಪತ್ರ ಬರೆಯುತ್ತಿದ್ದೇನೆ.

ಹೇಳಬೇಕಾದದ್ದು ಇಷ್ಟು. ನರರೋಗದ ಚಿಕಿತ್ಸೆ ನಿಜವಾಗಿ ನಡೆಯುವುದು ನಮ್ಮ ಮನೆಗಳಲ್ಲಿ. ಮಾತ್ರೆಯನ್ನು ಎಷ್ಟು ಹೊತ್ತಿಗೆ ನುಂಗಿದೆವು, ಒಂದು ಹೊತ್ತು ತಪ್ಪಿದಾಗ ಏನು ಮಾಡಿದೆವು, ಮಗು ಸೆಟೆದುಕೊಂಡು ಬಿದ್ದಾಗ ಹತ್ತಿರವಿದ್ದವರು ಮೊದಲ ಎರಡು ನಿಮಿಷ ಏನು ಮಾಡಿದರು, ಮೈಮೇಲೆ ದದ್ದು ಎದ್ದಾಗ ಯಾರನ್ನು ಕೇಳಿದೆವು ಎಂಬುದರ ಮೇಲೆಯೇ ನಿಮ್ಮ ಔಷಧಿಯ ಫಲ ನಿಂತಿದೆ. ಆದರೆ ನಿಮ್ಮ ಏರ್ಪಾಡೆಲ್ಲವೂ, ಟೋಕನ್ನಿನಿಂದ ಹಿಡಿದು ಸ್ಕ್ಯಾನಿನ ಯಂತ್ರದವರೆಗೆ, ಆ ಹತ್ತು ಹದಿನೈದು ನಿಮಿಷದ ಭೇಟಿಗೆಂದೇ ರೂಪುಗೊಂಡಿದೆ. ಚೀಟಿ ಕೈಗೆ ಬಂದು ಬಾಗಿಲು ದಾಟಿದ ಮೇಲೆ ಮುಂದಿನ ಭೇಟಿಯವರೆಗೆ ನಾವು ಯಾರಿಗೂ ಸೇರಿದವರಲ್ಲ.

ನಿಮ್ಮ ವಿದ್ಯೆಯ ಮೇಲೆ ನಮಗೆ ಅನುಮಾನವಿಲ್ಲ. ನರರೋಗ ಶಾಸ್ತ್ರವೆಂದರೆ ಕಾಯಿಲೆಗೆ ಚೆಂದದ ಹೆಸರಿಟ್ಟು ಮನೆಗೆ ಕಳುಹಿಸುವ ಶಾಸ್ತ್ರ ಎಂಬ ಕುಹಕ ಹಿಂದೆ ಇತ್ತು. ಈಗ ಆ ಮಾತು ಸಲ್ಲುವುದಿಲ್ಲ. ಪಾರ್ಕಿನ್‌ಸನ್‌ನ ಔಷಧಿಯಾದ ಲೆವೊಡೋಪಾವನ್ನು ಮೆಲ್ಲಮೆಲ್ಲಗೆ ಏರಿಸುತ್ತ ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ಬಿಗಿದು ಕೂತವರು ಎದ್ದು ನಡೆದಾಡಬಲ್ಲರೆಂದು ಜಾರ್ಜ್ ಕೋಟ್ಜಿಯಾಸ್ 1967ರಲ್ಲಿ ತೋರಿಸಿಕೊಟ್ಟರು. ಮೆದುಳಿನ ರಕ್ತನಾಳದಲ್ಲಿ ಸಿಕ್ಕಿಕೊಂಡ ಹೆಪ್ಪನ್ನು ಕರಗಿಸುವ ಔಷಧಿಯಿಂದ ಉಪಯೋಗವಿದೆಯೆಂದು 1995ರಲ್ಲಿ ರುಜುವಾತಾಯಿತು. ಹೆಪ್ಪನ್ನೇ ಹಿಡಿದು ಹೊರಗೆಳೆಯುವ ವಿಧಾನ 2015ರಲ್ಲಿ ಒಂದರ ಮೇಲೊಂದು ಪ್ರಯೋಗಗಳಲ್ಲಿ ಗೆದ್ದಿತು. ಬೆನ್ನುಹುರಿಯ ನರಕೋಶಗಳು ಸಾಯುತ್ತ ಸ್ನಾಯು ಕ್ಷಯಿಸುವ ಶಿಶುಗಳಿಗೆ 2016ರಲ್ಲಿ ಮೊದಲ ಔಷಧಿ ಸಿಕ್ಕಿತು. ಮೈಗ್ರೇನ್ ತಡೆಯಲೆಂದೇ ತಯಾರಾದ ಪ್ರತಿಕಾಯದ ಚುಚ್ಚುಮದ್ದು 2018ರಲ್ಲಿ ಬಂತು. ಇಷ್ಟೆಲ್ಲ ಕೈಯಲ್ಲಿರುವಾಗ ಅದು ಮನೆಯ ಬಾಗಿಲಲ್ಲಿ ಸೋರಿಹೋಗುತ್ತಿದೆಯಲ್ಲ ಎಂಬುದೇ ನಮ್ಮ ಸಂಕಟ.

ನನಗೆ ಹೆಚ್ಚು ಗೊತ್ತಿರುವುದು ಪಾರ್ಕಿನ್‌ಸನ್. ಅದರಿಂದಲೇ ಶುರು ಮಾಡುತ್ತೇನೆ.

ತಂದೆಯವರ ಮೊದಲ ಮಾತ್ರೆ ಬೆಳಗ್ಗೆ ಏಳಕ್ಕೆ. ಏಳೂಮುಕ್ಕಾಲರ ಹೊತ್ತಿಗೆ ಅಂಗಿಯ ಗುಂಡಿಗಳನ್ನು ಅವರೇ ಹಾಕಿಕೊಳ್ಳುತ್ತಾರೆ. ಹತ್ತೂವರೆಯ ಹೊತ್ತಿಗೆ ಅದೇ ಗುಂಡಿಯ ಬಳಿ ಬೆರಳು ಹೋಗಿ ನಿಂತುಬಿಡುತ್ತದೆ. ಬಾಗಿಲ ಹತ್ತಿರ ಬಂದರೆ ಪಾದಗಳು ನೆಲ ಬಿಟ್ಟು ಏಳುವುದಿಲ್ಲ, ಮೈ ಮಾತ್ರ ಮುಂದಕ್ಕೆ ವಾಲುತ್ತದೆ. ಬೀಳುವುದು ಹೀಗೆಯೇ. ಅಲ್ಲಿ ನೆಲದ ಮೇಲೆ ಅಡ್ಡಲಾಗಿ ಒಂದು ಬಣ್ಣದ ಪಟ್ಟಿ ಅಂಟಿಸಿದೆವು; ಈಗ ಅದನ್ನು ನೋಡಿ, ದಾಟುವವರಂತೆ ಕಾಲೆತ್ತಿ ಹಾಕುತ್ತಾರೆ. ಕಣ್ಣಿಗೆ ಗುರುತು ಸಿಕ್ಕಿದರೆ ಹೆಪ್ಪುಗಟ್ಟಿದ ಹೆಜ್ಜೆ ಬಿಡಿಸಿಕೊಳ್ಳುತ್ತದೆ ಎಂಬುದು ನಿಮ್ಮ ಶಾಸ್ತ್ರದಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯವಂತೆ. ನಮಗೆ ಅದನ್ನು ಹೇಳಿಕೊಟ್ಟವರು ಗುಂಪಿನಲ್ಲಿದ್ದ ಇನ್ನೊಬ್ಬ ರೋಗಿಯ ಮಗ.

ಭೇಟಿಯ ದಿನ ನಮ್ಮಂಥ ಎಲ್ಲ ಮನೆಗಳಲ್ಲೂ ಒಂದೇ ಕಸರತ್ತು. ಕಾಯುವ ಸಾಲಿನಲ್ಲಿ ಒದ್ದಾಡಬಾರದೆಂದು ಮಾತ್ರೆಯ ಹೊತ್ತನ್ನು ಭೇಟಿಗೆ ಹೊಂದಿಸಿಕೊಳ್ಳುತ್ತೇವೆ. ಹಾಗಾಗಿ ನಿಮ್ಮ ಕಣ್ಣಿಗೆ ಬೀಳುವುದು ದಿನದ ಅತ್ಯುತ್ತಮ ಅರ್ಧ ಗಂಟೆಯ ರೋಗಿ. ಬೆರಳು ತಟ್ಟಿಸಿ ನೋಡುತ್ತೀರಿ, ನಾಲ್ಕು ಹೆಜ್ಜೆ ನಡೆಸುತ್ತೀರಿ, 'ಚೆನ್ನಾಗಿದ್ದಾರಲ್ಲ' ಎನ್ನುತ್ತೀರಿ. ಹತ್ತೂವರೆಯ ಮನುಷ್ಯ ನಿಮಗೆ ಕಾಣುವುದೇ ಇಲ್ಲ. 1817ರಲ್ಲಿ ಈ ಕಾಯಿಲೆಯನ್ನು ಮೊದಲ ಬಾರಿಗೆ ಕೂಲಂಕಷವಾಗಿ ಬರೆದಿಟ್ಟ ಜೇಮ್ಸ್ ಪಾರ್ಕಿನ್‌ಸನ್ ಅವರ ಮುಂದೆ ಇದ್ದದ್ದು ಆರೇ ಜನ. ಅವರಲ್ಲಿ ಕೆಲವರನ್ನು ಅವರು ಕಂಡದ್ದು ಬೀದಿಯಲ್ಲಿ, ನಡೆದು ಹೋಗುತ್ತಿದ್ದಾಗ. ಇನ್ನೂರು ವರ್ಷದ ಮೇಲೆ ನಿಮ್ಮ ಮೇಜಿನ ಮೇಲೆ ಮೊಬೈಲ್ ಇದೆ, ನಮ್ಮ ಕೈಯಲ್ಲೂ ಇದೆ. 'ಕೆಟ್ಟ ಹೊತ್ತಿನ ಎರಡು ನಿಮಿಷ ಚಿತ್ರೀಕರಿಸಿಕೊಂಡು ಬನ್ನಿ' ಎಂಬ ಒಂದು ವಾಕ್ಯವನ್ನು ನಿಮ್ಮ ಸ್ವಾಗತ ಮೇಜಿನವರು ಹೇಳಿದ್ದರೆ ಎಷ್ಟೋ ತಿಂಗಳುಗಳು ಉಳಿಯುತ್ತಿದ್ದವು.

ಹೊತ್ತಿನ ವಿಷಯ ಇನ್ನೂ ಇದೆ. ಬೇಗ ಕರಗಿಹೋಗದಂತೆ ಬೆರೆಸುವ ಕಾರ್ಬಿಡೋಪಾ ಜೊತೆಗಿದ್ದರೂ ಲೆವೊಡೋಪಾ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದೂವರೆ ಗಂಟೆ ಸಾಕು. ಕಾಯಿಲೆಯ ಮೊದಲ ವರ್ಷಗಳಲ್ಲಿ ಉಳಿದಿರುವ ನರಕೋಶಗಳು ಅದನ್ನು ಕೂಡಿಟ್ಟುಕೊಂಡು ನಿಭಾಯಿಸುತ್ತವೆ. ಆ ಕೋಶಗಳು ಕಡಿಮೆಯಾದಂತೆ ದಿನವೆಲ್ಲ ಗಡಿಯಾರಕ್ಕೆ ಕಟ್ಟುಬೀಳುತ್ತದೆ. ಪ್ರೋಟೀನ್ ಹೆಚ್ಚಿರುವ ಊಟದ ಜೊತೆ ಮಾತ್ರೆ ನುಂಗಿದರೆ, ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮೆದುಳಿಗೆ ಹೋಗುವ ದಾರಿಯಲ್ಲಿ ಎರಡೂ ಒಂದೇ ಬಾಗಿಲಿಗೆ ನುಗ್ಗುತ್ತವೆ, ಔಷಧಿ ಹಿಂದೆ ಬೀಳುತ್ತದೆ. ಚೀಟಿಯಲ್ಲಿ ಇರುವುದು ಮಾತ್ರ '1-1-1'. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಓದಿಕೊಂಡು ಊಟದ ಜೊತೆಗೇ ನುಂಗಿಸುತ್ತ ಬಂದ ಮನೆಗಳನ್ನು ನಾನು ಬಲ್ಲೆ. ಅವರಿಗೆ ಮಾತ್ರೆ ಕೆಲಸ ಮಾಡುತ್ತಿಲ್ಲ ಎನಿಸಿತು. ಮುಂದಿನ ಭೇಟಿಯಲ್ಲಿ ಡೋಸ್ ಹೆಚ್ಚಾಯಿತು.

ಬೇರೆ ಯಾವುದೋ ಕಾರಣಕ್ಕೆ ಆಸ್ಪತ್ರೆಗೆ ಸೇರಿಸಬೇಕಾದಾಗ ಈ ಗಡಿಯಾರ ಪೂರ್ತಿ ಕೆಡುತ್ತದೆ. ವಾರ್ಡಿನಲ್ಲಿ ಎಲ್ಲರಿಗೂ ಔಷಧಿ ಹಂಚುವ ಒಂದು ಹೊತ್ತಿರುತ್ತದೆ, ಪಾರ್ಕಿನ್‌ಸನ್ ರೋಗಿಗೂ ಅದೇ ಹೊತ್ತು. ವಾಂತಿಯೆಂದರೆ ಮೆಟೊಕ್ಲೋಪ್ರಮೈಡ್, ರಾತ್ರಿ ಬಡಬಡಿಸಿದರೆ ಹ್ಯಾಲೊಪೆರಿಡಾಲ್. ಎರಡೂ ಡೋಪಮೈನ್‌ಗೆ, ಅಂದರೆ ಲೆವೊಡೋಪಾದಿಂದ ಮೆದುಳು ತಯಾರಿಸಿಕೊಳ್ಳುವ ರಾಸಾಯನಿಕಕ್ಕೆ, ಅಡ್ಡಗಾಲು ಹಾಕುವ ಔಷಧಿಗಳು, ಇವರಿಗೆ ಕೊಡಬಾರದವು. ಲೆವೊಡೋಪಾವನ್ನು ದಿಢೀರನೆ ನಿಲ್ಲಿಸಿದರೆ ಮೈ ಬಿಗಿದು, ಜ್ವರ ಏರಿ, ಪ್ರಾಣಕ್ಕೇ ಕುತ್ತು ಬರಬಹುದು. ಮೂಳೆ ವೈದ್ಯರಿಗೋ ಹೊಟ್ಟೆಯ ವೈದ್ಯರಿಗೋ ಇದು ತಕ್ಷಣ ಹೊಳೆಯದಿದ್ದರೆ ಅವರನ್ನು ದೂರಿ ಫಲವಿಲ್ಲ. ಆದರೆ 'ಈ ವ್ಯಕ್ತಿಗೆ ಈ ಹೊತ್ತಿಗೆ ಈ ಮಾತ್ರೆ, ಇವುಗಳನ್ನು ಕೊಡಬೇಡಿ' ಎಂದು ನಿಮ್ಮ ಸಹಿಯಿರುವ ಅಂಗೈಯಗಲದ ಚೀಟಿ ನಮ್ಮ ಬಳಿ ಇದ್ದಿದ್ದರೆ, ನಡುರಾತ್ರಿ ವಾರ್ಡಿನಲ್ಲಿ ನಿಂತು ನಾವು ಗೋಗರೆಯಬೇಕಿರಲಿಲ್ಲ. ಮಗಳ ಮಾತಿಗೆ ಇರದ ತೂಕ ಆ ಸಹಿಗೆ ಇರುತ್ತದೆ.

ನೀವು ಕೇಳದಿದ್ದರೆ ನಾವು ಹೇಳದ ಸಂಗತಿಗಳೂ ಇವೆ. ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಮುಂತಾದ ಔಷಧಿಗಳಿಂದ ಕೆಲವರಲ್ಲಿ ಜೂಜು, ಮಿತಿಯಿಲ್ಲದ ಖರೀದಿ, ಕಾಮಾಸಕ್ತಿ ಹತೋಟಿ ತಪ್ಪುತ್ತವೆ. ಗುಂಪಿನ ಹಿರಿಯರೊಬ್ಬರು ರಾತ್ರಿಯೆಲ್ಲ ಮೊಬೈಲಿನಲ್ಲಿ ಜೂಜಾಡುತ್ತಿದ್ದರು. ಜೀವಮಾನವಿಡೀ ಒಂದು ಲಾಟರಿ ಟಿಕೆಟನ್ನೂ ಕೊಳ್ಳದ ಮನುಷ್ಯ. ಮನೆಯವರು ಬೈದರು, ಅತ್ತರು, ಮೊಬೈಲ್ ಕಿತ್ತಿಟ್ಟರು. ಇದು ಮಾತ್ರೆಯ ಕೆಲಸವಿರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಡೋಸ್ ಇಳಿಸಿದ ಮೇಲೆ ಚಟವೂ ಇಳಿಯಿತು, ಆದರೆ ಆ ಮನೆಯೊಳಗೆ ಆಡಿಹೋದ ಮಾತುಗಳನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಾಗಲಿಲ್ಲ. ಔಷಧಿ ಶುರುಮಾಡುವ ದಿನವೇ ಹೆಂಡತಿಯನ್ನು ಪಕ್ಕಕ್ಕೆ ಕರೆದು ಇಂಥದ್ದೊಂದು ಆಗಬಹುದು ಎಂದಿದ್ದರೆ ಸಾಕಿತ್ತು.

ಇನ್ನು ಮೂರ್ಛೆ ರೋಗ. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಇದೆ, ಸರಿಯಾದ ಚಿಕಿತ್ಸೆ ಸಿಕ್ಕಿದರೆ ಅವರಲ್ಲಿ ಶೇಕಡ 70ರಷ್ಟು ಮಂದಿ ಫಿಟ್ಸ್ ಇಲ್ಲದೆ ಬದುಕಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಈ ಕಾಯಿಲೆಯ ವಿಚಿತ್ರವೆಂದರೆ ವೈದ್ಯರು ಅದನ್ನು ಕಣ್ಣಾರೆ ನೋಡುವುದೇ ಅಪರೂಪ, ಅನುಭವಿಸಿದವನಿಗೂ ನೆನಪಿರುವುದಿಲ್ಲ. ನೋಡಿದವರು ಮೂರನೆಯವರು: ತಾಯಿ, ತಮ್ಮ, ಸಹೋದ್ಯೋಗಿ, ಪಕ್ಕದ ಬೆಂಚಿನ ಹುಡುಗಿ. ಆ ಸಾಕ್ಷಿಯನ್ನೇ ನಿಮ್ಮ ಬಾಗಿಲಲ್ಲಿ ನಿಂತವರು 'ಒಬ್ಬರೇ ಒಳಗೆ ಹೋಗಿ' ಎಂದು ತಡೆಯುತ್ತಾರೆ. ಬೀಳುವ ಮೊದಲು ಮುಖ ಬಿಳಿಚಿತ್ತೇ, ತಲೆ ಯಾವ ಕಡೆ ತಿರುಗಿತು, ಕಣ್ಣು ತೆರೆದಿತ್ತೇ ಮುಚ್ಚಿತ್ತೇ, ಎಚ್ಚರವಾದ ಮೇಲೆ ಎಷ್ಟು ಹೊತ್ತು ಗೊಂದಲವಿತ್ತು ಎಂಬುದರಿಂದಲೇ ಇದು ಮೂರ್ಛೆ ರೋಗವೋ, ರಕ್ತದೊತ್ತಡ ಕುಸಿದು ಬಂದ ಬರೀ ಪ್ರಜ್ಞಾಹೀನತೆಯೋ, ಇನ್ನೊಂದೋ ಎಂದು ಬೇರ್ಪಡಿಸುವುದು. ಇಇಜಿ ಒಂದೇ ಇದನ್ನು ತೀರ್ಮಾನಿಸಲಾರದು. 1924ರಲ್ಲಿ ಹಾನ್ಸ್ ಬರ್ಗರ್ ಮನುಷ್ಯನ ಮೆದುಳಿನ ವಿದ್ಯುತ್ ಅಲೆಗಳನ್ನು ಮೊದಲು ದಾಖಲಿಸಿದಂದಿನಿಂದ ಯಂತ್ರ ಎಷ್ಟೋ ಸುಧಾರಿಸಿದೆ, ಆದರೂ ಫಿಟ್ಸ್ ಇಲ್ಲದ ಹೊತ್ತಿನಲ್ಲಿ ತೆಗೆದ ಅರ್ಧ ಗಂಟೆಯ ಇಇಜಿ ನಿಜವಾದ ರೋಗಿಗಳಲ್ಲೂ ಎಷ್ಟೋ ಸಲ ಸಹಜವಾಗಿಯೇ ಬರುತ್ತದೆ. ಇದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಹಾಗಿದ್ದಮೇಲೆ ಇಇಜಿಗೆ ಒಂದು ಕೋಣೆ ಇದೆ, ಸಾಕ್ಷಿಗೆ ಒಂದು ಕುರ್ಚಿ ಏಕಿಲ್ಲ?

ಮೊದಲ ಫಿಟ್ಸ್ ಕಂಡ ಮನೆ ಹೆದರಿ ಹೈರಾಣಾಗಿರುತ್ತದೆ. ಅವರಿಗೆ ಬೇಕಾದ ತಿಳಿವಳಿಕೆ ಹತ್ತು ಸಾಲಿನಷ್ಟು. ಬಾಯಿಗೆ ಏನನ್ನೂ ತುರುಕಬೇಡಿ, ಕೈಕಾಲು ಅದುಮಿ ಹಿಡಿಯಬೇಡಿ, ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ತಲೆಯಡಿ ಮೆತ್ತನೆಯದೇನಾದರೂ ಇಡಿ, ಅದುರು ನಿಂತ ಕೂಡಲೇ ಪಕ್ಕಕ್ಕೆ ಹೊರಳಿಸಿ, ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ತುರ್ತು ಚಿಕಿತ್ಸೆಗೆ ಒಯ್ಯಿರಿ. ಇಷ್ಟನ್ನು ಹೇಳಲು ತಜ್ಞರೇ ಬೇಕಿಲ್ಲ, ತರಬೇತಾದ ನರ್ಸ್ ಸಾಕು. ಒಂದು ಹೊತ್ತಿನ ಮಾತ್ರೆ ಮರೆತರೆ ಏನು ಮಾಡಬೇಕು, ವಾಂತಿಯಾಗಿ ಮಾತ್ರೆ ಹೊರಬಂದರೆ ಏನು, ಅಂಗಡಿಯಲ್ಲಿ ಬೇರೆ ಕಂಪನಿಯದು ಕೊಟ್ಟರೆ ಏನು, ಇವೂ ಅದೇ ಹಾಳೆಯಲ್ಲಿ ಬರಬಹುದು. ಔಷಧಿಯನ್ನು ತಾವಾಗಿಯೇ ನಿಲ್ಲಿಸಿಬಿಡುತ್ತಾರೆ ಎಂದು ನೀವು ನಮ್ಮ ಮೇಲೆ ಸಿಡುಕುತ್ತೀರಿ. ನಿಲ್ಲಿಸುವುದು ನಿಜ. ವರ್ಷದಿಂದ ಫಿಟ್ಸ್ ಬಂದಿಲ್ಲ, ಇನ್ನೇಕೆ ಮಾತ್ರೆ ಎಂದು ಯಾರಿಗಾದರೂ ಅನಿಸುತ್ತದೆ. ಫಿಟ್ಸ್ ಬಾರದಿರುವುದು ಮಾತ್ರೆಯಿಂದಲೇ ಎಂದು ಬಿಡಿಸಿ ಹೇಳಲು ಯಾರಿಗೂ ಬಿಡುವಿರಲಿಲ್ಲ.

ಮದುವೆಯ ವಯಸ್ಸಿನ ಹೆಣ್ಣುಮಕ್ಕಳಿಗೆ ವ್ಯಾಲ್ಪ್ರೋಯೇಟ್ ಎಂಬ ಮೂರ್ಛೆ ಔಷಧಿ ಬರೆಯುವಾಗ ನಡೆಯದ ಮಾತುಕತೆಯೂ ಹೀಗೆಯೇ ದುಬಾರಿ. ಗರ್ಭಿಣಿ ಆ ಔಷಧಿ ತೆಗೆದುಕೊಂಡರೆ ಹುಟ್ಟುವ ಮಕ್ಕಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಅಂಗವೈಕಲ್ಯ, ಹತ್ತರಲ್ಲಿ ಮೂರು ನಾಲ್ಕು ಮಕ್ಕಳಿಗೆ ಬುದ್ಧಿಯ ಬೆಳವಣಿಗೆಯ ತೊಂದರೆ ಕಾಣುತ್ತದೆ. ಬೇರೆ ದಾರಿ ಇಲ್ಲದ ಕೆಲವರಿಗೆ ಅದೇ ಬೇಕಾಗಬಹುದು, ಒಪ್ಪುತ್ತೇನೆ. ಆದರೆ ತಿಳಿದು ಒಪ್ಪುವುದು ಬೇರೆ, ಬಸುರಾಗಿ ಮೂರು ತಿಂಗಳಾದ ಮೇಲೆ ಮೊಬೈಲಿನಲ್ಲಿ ಓದಿ ಎದೆ ಒಡೆದುಕೊಳ್ಳುವುದು ಬೇರೆ. ಹಾಗೆ ಓದಿದವಳು ಗಾಬರಿಯಿಂದ ಮಾತ್ರೆಯನ್ನು ಅಂದೇ ನಿಲ್ಲಿಸುತ್ತಾಳೆ. ಅದು ಅವಳಿಗೂ ಮಗುವಿಗೂ ಇನ್ನೊಂದು ಅಪಾಯ. ಈ ಮಾತು ಆಗಬೇಕಾದದ್ದು ಗರ್ಭ ನಿಲ್ಲುವ ಮೊದಲು, ಮತ್ತು ಅದನ್ನು ಎತ್ತಬೇಕಾದವರು ನೀವು. ತಂದೆಯೋ ಅಣ್ಣನೋ ಪಕ್ಕದಲ್ಲಿ ಕೂತಿರುವಾಗ ಹುಡುಗಿ ತಾನಾಗಿ ಕೇಳುವುದಿಲ್ಲ.

ನನ್ನನ್ನು ಹೆಚ್ಚು ಸಿಟ್ಟಿಗೆಬ್ಬಿಸುವುದು ಮಾತ್ರ ಇನ್ನೊಂದು. 2000ದಲ್ಲಿ ಪ್ರಕಟವಾದ ಗ್ಲಾಸ್ಗೋದ ಅಧ್ಯಯನದಲ್ಲಿ, ಮೊದಲ ಬಾರಿಗೆ ಚಿಕಿತ್ಸೆಗೆ ಬಂದ ಮೂರ್ಛೆ ರೋಗಿಗಳಲ್ಲಿ ಶೇಕಡ 47 ಮಂದಿಗೆ ಮೊದಲ ಔಷಧಿಯಲ್ಲೇ ಫಿಟ್ಸ್ ನಿಂತಿತು, ಇನ್ನು ಶೇಕಡ 13 ಮಂದಿಗೆ ಎರಡನೆಯದರಲ್ಲಿ. ಅಲ್ಲಿಂದಾಚೆ ಮೂರನೆಯದು, ಎರಡರ ಜೋಡಿ ಎಂದು ಹೋದಾಗ ಸಿಕ್ಕವರು ಶೇಕಡ 4ರಷ್ಟೇ. ಸರಿಯಾಗಿ ಆರಿಸಿದ ಎರಡು ಔಷಧಿಗಳು ಸೋತರೆ ಅದನ್ನು ಔಷಧಿಗೆ ಬಗ್ಗದ ಮೂರ್ಛೆ ಎಂದು ಕರೆಯಬೇಕೆಂದು ಮೂರ್ಛೆ ರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ 2010ರಲ್ಲೇ ಹೇಳಿತು. ಮೆದುಳಿನ ಪಕ್ಕದ ಭಾಗದಿಂದ (ಟೆಂಪೊರಲ್ ಲೋಬ್) ಏಳುವ ಇಂಥ ಫಿಟ್ಸ್‌ಗೆ ಶಸ್ತ್ರಚಿಕಿತ್ಸೆ ಮಾಡಿ ನೋಡಿದ ಪ್ರಯೋಗದ ಫಲಿತಾಂಶ 2001ರಲ್ಲಿ ಬಂತು: ಒಂದು ವರ್ಷದ ಕೊನೆಗೆ, ಶಸ್ತ್ರಚಿಕಿತ್ಸೆಗೆ ಆರಿಸಿದವರಲ್ಲಿ ಶೇಕಡ 58 ಮಂದಿಗೆ ಎಚ್ಚರ ತಪ್ಪಿಸುವ ಫಿಟ್ಸ್ ಇರಲಿಲ್ಲ, ಔಷಧಿಯಲ್ಲೇ ಮುಂದುವರಿದವರಲ್ಲಿ ಶೇಕಡ 8 ಮಂದಿಗೆ. ಇಷ್ಟಾದರೂ ನಾಲ್ಕನೆಯ, ಐದನೆಯ ಮಾತ್ರೆಯ ಮೇಲೆ ವರ್ಷಗಳನ್ನು ಕಳೆಯುತ್ತಿರುವ ಯುವಕರು ನಮ್ಮ ಗುಂಪಿನಲ್ಲೇ ಇದ್ದಾರೆ. 'ಇನ್ನೊಂದು ಸೇರಿಸಿ ನೋಡೋಣ' ಎಂಬ ಮಾತು ಕೇಳಲು ಹಿತವಾಗಿದೆ. ಆ ಹಿತದಲ್ಲಿ ಓದು ನಿಂತಿತು, ಕೆಲಸ ಹೋಯಿತು, ಒಬ್ಬರಿಗೆ ಒಲೆಯ ಮುಂದೆ ಫಿಟ್ಸ್ ಬಂದು ಕೈ ಬೆಂದಿತು. ಶಸ್ತ್ರಚಿಕಿತ್ಸೆ ಎಲ್ಲರಿಗೂ ಹೊಂದುವುದಿಲ್ಲ; ಹೊಂದುತ್ತದೆಯೇ ಎಂದು ಪರೀಕ್ಷಿಸುವ ಕೇಂದ್ರಕ್ಕೆ ಎರಡನೆಯ ಔಷಧಿ ಸೋತ ದಿನವೇ ಕಳುಹಿಸಿ ಎನ್ನುತ್ತಿದ್ದೇನೆ. ರೋಗಿ ಕೈಬಿಟ್ಟು ಹೋಗುತ್ತಾನೆ ಎಂಬ ಅಳುಕು ಯಾರಿಗಾದರೂ ಇದ್ದರೆ ಅದನ್ನು ನಾವು ಗೌರವಿಸಬೇಕಾಗಿಲ್ಲ.

ಟೋಕನ್ ಪದ್ಧತಿ ಪ್ರಾಣಕ್ಕೇ ಎರವಾಗುವ ಒಂದು ಸಂದರ್ಭವಿದೆ. ಹತ್ತು ನಿಮಿಷ ಕೈ ಸೋತು, ಮಾತು ತೊದಲಿ, ಮತ್ತೆ ತಾನಾಗಿ ಸರಿಹೋಗುತ್ತದೆ. ಸರಿಹೋಯಿತಲ್ಲ ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ, ಚಿಕಿತ್ಸಾಲಯಕ್ಕೆ ಫೋನ್ ಮಾಡಿದರೆ ಮೂರು ವಾರದ ಮೇಲಿನ ದಿನ ಸಿಗುತ್ತದೆ. ದೊಡ್ಡ ಪಾರ್ಶ್ವವಾಯು ಹೊಡೆಯುವ ಅಪಾಯ ಅತಿ ಹೆಚ್ಚಿರುವುದು ಮೊದಲ ಕೆಲವೇ ದಿನಗಳಲ್ಲಿ. ಆಕ್ಸ್‌ಫರ್ಡಿನಲ್ಲಿ ಇದನ್ನೇ ಪರೀಕ್ಷಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲ ಹಂತದಲ್ಲಿ ಮುಂಗಡ ದಿನ ಗೊತ್ತುಮಾಡಿಕೊಂಡು ಬರುವ ಪದ್ಧತಿ, ಔಷಧಿಯ ಸಲಹೆ ಕುಟುಂಬ ವೈದ್ಯರ ಮೂಲಕ. ಎರಡನೆಯ ಹಂತದಲ್ಲಿ ದಿನ ಗೊತ್ತುಮಾಡಿಕೊಳ್ಳುವ ಗೊಡವೆಯಿಲ್ಲ. ಅಂದೇ ನೋಡಿ, ಅಂದೇ ಮಾತ್ರೆ ಶುರು. ಮೊದಲ ಮಾತ್ರೆ ಸಿಗಲು ಸುಮಾರು 20 ದಿನ ಹಿಡಿಯುತ್ತಿದ್ದದ್ದು 1 ದಿನಕ್ಕೆ ಇಳಿಯಿತು. ಮೂರು ತಿಂಗಳೊಳಗೆ ಮತ್ತೆ ಪಾರ್ಶ್ವವಾಯು ಆದವರ ಪ್ರಮಾಣ ಶೇಕಡ 10.3ರಿಂದ 2.1ಕ್ಕೆ ಬಂತು. ಗಮನಿಸಿ, ಹೊಸ ಔಷಧಿಯೇನೂ ಬರಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ, ರಕ್ತದೊತ್ತಡ ಮತ್ತು ಕೊಲೆಸ್ಟರಾಲ್ ಇಳಿಸುವ ಅವೇ ಹಳೆಯ ಮಾತ್ರೆಗಳು. ಬದಲಾದದ್ದು ಚಿಕಿತ್ಸಾಲಯದ ದಿನಚರಿ. ಕಚೇರಿಯ ವೇಳಾಪಟ್ಟಿಯನ್ನೂ ಚಿಕಿತ್ಸೆಯೆಂದೇ ಲೆಕ್ಕ ಹಾಕಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ.

ತಲೆನೋವಿನವರ ಬಗ್ಗೆ ಎರಡು ಮಾತು. ಅವರಿಗೆ ಸ್ಕ್ಯಾನ್ ಸುಲಭವಾಗಿ ಸಿಗುತ್ತದೆ, ಡೈರಿ ಸಿಗುವುದಿಲ್ಲ. ಸಾದಾ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ, ಮೈಗ್ರೇನ್‌ಗೆಂದೇ ಇರುವ ಟ್ರಿಪ್ಟಾನ್ ಮಾತ್ರೆಯನ್ನು 10 ದಿನ, ಹೀಗೆ ಮೂರು ತಿಂಗಳು ದಾಟಿ ನುಂಗುತ್ತ ಹೋದರೆ ಆ ಮಾತ್ರೆಯೇ ತಲೆನೋವನ್ನು ಸಾಕತೊಡಗುತ್ತದೆ. ನೋವು ಬಂದ ದಿನ, ಮಾತ್ರೆ ನುಂಗಿದ ದಿನ ಎಂದು ಎರಡು ಕಲಮು ಹಾಕಿದ ಹಾಳೆಯನ್ನು ಮೊದಲ ಭೇಟಿಗೂ ಮುನ್ನವೇ ಕೊಟ್ಟಿದ್ದರೆ ಇದು ಒಂದೇ ನೋಟಕ್ಕೆ ಕಾಣುತ್ತಿತ್ತು.

'ರಿಪೋರ್ಟೆಲ್ಲ ನಾರ್ಮಲ್, ನಿಮಗೇನೂ ಇಲ್ಲ' ಎಂದು ಕಳುಹಿಸಲ್ಪಟ್ಟವರೂ ನಮ್ಮ ಜೊತೆಗಿದ್ದಾರೆ. ಕಾಲು ಏಳದ ಒಬ್ಬ ಯುವತಿ ಹೀಗೆ ಊರೂರು ಅಲೆದಳು. ಕೊನೆಗೆ ಒಬ್ಬ ವೈದ್ಯರು ಅವಳನ್ನು ಮಲಗಿಸಿ, ಸೋತ ಕಾಲಿನ ಹಿಮ್ಮಡಿಯ ಕೆಳಗೆ ಕೈಯಿಟ್ಟು, ಒತ್ತು ಎಂದರು. ಬಲವೇ ಇಲ್ಲ. ಆಮೇಲೆ ಇನ್ನೊಂದು ಕಾಲನ್ನು ನನ್ನ ಕೈಗೆ ಎದುರಾಗಿ ಮೇಲೆತ್ತು ಎಂದರು. ಎತ್ತುತ್ತಿದ್ದಂತೆ ಸೋತ ಕಾಲು ತಾನಾಗಿ ಅವರ ಅಂಗೈಯನ್ನು ಹಾಸಿಗೆಗೆ ಒತ್ತಿ ಹಿಡಿಯಿತು. ಚಾರ್ಲ್ಸ್ ಹೂವರ್ 1908ರಲ್ಲಿ ವಿವರಿಸಿದ ಗುರುತಂತೆ ಇದು. 'ನೋಡು, ತಂತಿ ಎಲ್ಲೂ ಕಡಿದಿಲ್ಲ. ನೀನು ಬೇಕೆಂದು ಚಲಿಸಹೊರಟಾಗ ಮೆದುಳಿನ ಅಪ್ಪಣೆ ದಾರಿ ತಪ್ಪುತ್ತಿದೆ, ಗಮನ ಬೇರೆಡೆ ಇದ್ದಾಗ ಸರಿಯಾಗಿ ಹೋಗುತ್ತಿದೆ. ನೀನು ನಾಟಕವಾಡುತ್ತಿಲ್ಲ, ಇದಕ್ಕೆ ವ್ಯಾಯಾಮ ಚಿಕಿತ್ಸೆ ಇದೆ' ಎಂದು ಆ ಕಾಲನ್ನೇ ತೋರಿಸುತ್ತ ಹೇಳಿದರು. ಅವಳು ಚೇತರಿಸಿಕೊಳ್ಳತೊಡಗಿದ್ದು ಅಲ್ಲಿಂದ. ಆ ಪರೀಕ್ಷೆಗೆ ಯಂತ್ರ ಬೇಕಾಗಲಿಲ್ಲ, ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತೂ ಹಿಡಿಯಲಿಲ್ಲ. ಹಿಂದಿನವರಿಗೆ ಅದು ಗೊತ್ತಿರಲಿಲ್ಲವೆಂದು ನಾನು ನಂಬುವುದಿಲ್ಲ.

ಇನ್ನೊಂದು ತುದಿಯಲ್ಲಿ, ಸ್ನಾಯುಗಳನ್ನು ನಡೆಸುವ ನರಕೋಶಗಳು ಸಾಯುತ್ತ ಹೋಗುವ ಮೋಟಾರ್ ನ್ಯೂರಾನ್ ಕಾಯಿಲೆಯವರು. ಅವರಿಗೆ ಸಿಗುವ ಮಾತು 'ಇದಕ್ಕೆ ಔಷಧಿಯಿಲ್ಲ, ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಿ.' ವಾಸಿ ಮಾಡುವ ಔಷಧಿ ಇಲ್ಲ, ಸರಿ. ರಿಲುಜೋಲ್ ಕೊಡುವುದು ಕೆಲವು ತಿಂಗಳುಗಳನ್ನಷ್ಟೇ. ಆದರೆ ಉಸಿರಾಟದ ಸ್ನಾಯುಗಳು ಸೋಲತೊಡಗಿದಾಗ ರಾತ್ರಿ ಮುಖಕ್ಕೆ ಹಾಕುವ ಮಾಸ್ಕಿನ ಯಂತ್ರ ಬಹುಮಂದಿಗೆ ಆಯಸ್ಸನ್ನೂ ನೆಮ್ಮದಿಯ ನಿದ್ದೆಯನ್ನೂ ಹೆಚ್ಚಿಸುತ್ತದೆಂದು 2006ರಲ್ಲೇ ಪ್ರಯೋಗದಿಂದ ತಿಳಿದಿದೆ. ನುಂಗಲು ಕಷ್ಟವಾಗುವ ಮುನ್ನ ಹೊಟ್ಟೆಗೆ ನಳಿಕೆಯ ಯೋಚನೆ, ಮಾತು ನಿಲ್ಲುವ ಮುನ್ನ ಧ್ವನಿಯನ್ನು ದಾಖಲಿಸಿಡುವುದು, ಸೆಳೆತಕ್ಕೆ, ಜೊಲ್ಲಿಗೆ, ದುಃಖಕ್ಕೆ ಔಷಧಿ, ಇಷ್ಟೆಲ್ಲ ಇರುವಾಗ 'ಏನೂ ಇಲ್ಲ' ಎನ್ನುವುದು ವೈದ್ಯಕೀಯವಾಗಿಯೇ ತಪ್ಪು.

ನೀವು ಕೊಡುವ ಉತ್ತರ ನನಗೆ ಗೊತ್ತು: ಹೊರಗೆ ಸಾಲು ನೋಡಿದ್ದೀರಾ? ನೋಡಿದ್ದೇನೆ, ಅದರಲ್ಲೇ ನಿಂತಿರುತ್ತೇನೆ. ಆ ಸಾಲಿನಲ್ಲಿರುವವರನ್ನು ಮಾತಾಡಿಸಿದ್ದೇನೆ ಕೂಡ. ಮಾತ್ರೆ ಕಂಪನಿ ಬದಲಾಯಿತು, ಮುಂದುವರಿಸಲೇ ಎಂದು ಕೇಳಲು ಬಂದವರು, ಹಲ್ಲಿನ ವೈದ್ಯರು ಕೊಟ್ಟ ಔಷಧಿ ಇದರ ಜೊತೆ ಆಗುತ್ತದೆಯೇ ಎಂದು ಕೇಳಲು ಬಂದವರು, ಒಂದು ಪ್ರಮಾಣಪತ್ರಕ್ಕೆ ಬಂದವರು ಅಲ್ಲಿ ಕಡಿಮೆಯಿಲ್ಲ. ಅದರ ಉಲ್ಟಾ ಕಥೆಯೂ ಇದೆ: ಮೂರ್ಛೆಗೆ ಕೊಡುವ ಕಾರ್ಬಮಜೆಪಿನ್ ಶುರುಮಾಡಿದ ಎರಡನೆಯ ವಾರ ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು ಎದ್ದು, ಅಂದೇ ಬರಬೇಕಾದವರು ಮುಂದಿನ ಭೇಟಿಯವರೆಗೆ ಕಾಯುತ್ತ ಮನೆಯಲ್ಲೇ ಕೂತಿರುತ್ತಾರೆ. ಚರ್ಮವೇ ಸುಲಿದುಹೋಗುವ ಮಾರಕ ಅಲರ್ಜಿ ಹೀಗೆಯೇ ಶುರುವಾಗುತ್ತದೆಂದು ಅವರಿಗೆ ಯಾರೂ ಹೇಳಿಲ್ಲ. ಫೋನ್ ಎತ್ತುವ ಒಬ್ಬ ತರಬೇತಾದ ನರ್ಸ್ ಇದ್ದರೆ ಮೊದಲಿನವರು ಬರಬೇಕಿಲ್ಲ, ಎರಡನೆಯವರು ತಡಮಾಡುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆಯಲ್ಲಿ ಹೊಸ ಕಟ್ಟಡವಾಗಲಿ ಯಂತ್ರವಾಗಲಿ ಇಲ್ಲ. ಪ್ರತಿ ರೋಗಿಯೂ ಒಂದು ಹಾಳೆಯೊಂದಿಗೆ ಹೊರಬರಲಿ: ಕಾಯಿಲೆಯ ಹೆಸರು, ಅದು ಖಚಿತವೋ ಇನ್ನೂ ಅನುಮಾನವೋ, ಮಾತ್ರೆಯ ಹೊತ್ತು ಗಡಿಯಾರದ ಅಂಕಿಯಲ್ಲಿ, ತಪ್ಪಿದರೆ ಏನು, ಯಾವ ಲಕ್ಷಣ ಕಂಡರೆ ಕಾಯಬಾರದು, ಯಾವ ಔಷಧಿ ಕೊಡಬಾರದು. ಅದು ರೋಗಿ ಓದುವ ಭಾಷೆಯಲ್ಲಿರಲಿ. ಅಕ್ಷರ ಅಚ್ಚಾಗಿರಲಿ ಎಂದು ಬೇರೆ ಹೇಳಬೇಕೇ? ಕೆಲಸದ ಹೊತ್ತಿನಲ್ಲಿ ಉತ್ತರಿಸುವ ಒಂದು ದೂರವಾಣಿ ಇರಲಿ. ದಿನಕ್ಕೆ ಒಂದೆರಡು ಸ್ಥಳಗಳನ್ನು ಯಾರಿಗೂ ಕೊಡದೆ, ಅಂದೇ ನೋಡಬೇಕಾದವರಿಗೆಂದು ಖಾಲಿ ಇಟ್ಟುಕೊಳ್ಳಿ. ಸಾಕ್ಷಿಯನ್ನು ಒಳಗೆ ಬಿಡಿ, ಬೇಕಾದಾಗ ಹೊರಗೂ ಕಳುಹಿಸಿ, ಎರಡೂ ಬೇಕು. ಎರಡು ಔಷಧಿ ಸೋತ ಮೂರ್ಛೆ ರೋಗಿಯ ಕಡತದ ಮೇಲೆ ಅದು ಎದ್ದು ಕಾಣುವಂತೆ ಗುರುತು ಹಾಕಿ.

ಮೂರ್ಛೆ ಮತ್ತು ಇತರ ನರರೋಗಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು 2022ರಿಂದ 2031ರವರೆಗಿನ ಕ್ರಿಯಾಯೋಜನೆಯೊಂದನ್ನು ಒಪ್ಪಿವೆ. ಅದು ಸರ್ಕಾರಗಳ ಮಟ್ಟದ ಮಾತು, ಅದಕ್ಕೆ ಅದರ ನಿಧಾನವಿದೆ. ಹಾಳೆಗೆ ಯಾರ ಒಪ್ಪಿಗೆಯೂ ಬೇಕಿಲ್ಲ. ಅದರ ಕರಡನ್ನು ನಮ್ಮ ಗುಂಪು ಈಗಾಗಲೇ ತಯಾರಿಸಿದೆ: ಪಾರ್ಕಿನ್‌ಸನ್‌ಗೆ ಒಂದು, ಮೂರ್ಛೆಗೆ ಒಂದು, ತಲೆನೋವಿಗೆ ಒಂದು. ವೈದ್ಯಕೀಯವಾಗಿ ತಿದ್ದಬೇಕಾದವರು ನೀವು. ನಿಮ್ಮ ಚಿಕಿತ್ಸಾಲಯದಲ್ಲಿ ಯಾರಿಗೆ ತಂದು ಕೊಡಬೇಕು, ಯಾವ ದಿನ ಬರಬೇಕು ಎಂದು ತಿಳಿಸಿ. ತಂದೆಯವರಿಗಾಗಿ ಸಾಧ್ಯವಾದರೆ ಬೆಳಗ್ಗೆ ಹತ್ತೂವರೆಯ ಹೊತ್ತನ್ನೇ ಕೊಡಿ. ಈ ಸಲ ಅವರನ್ನು ಮಾತ್ರೆ ಇಳಿದ ಹೊತ್ತಿನಲ್ಲಿ ನೀವು ನೋಡಬೇಕು.

ಇಂತಿ,
ಪಾರ್ಕಿನ್‌ಸನ್ ರೋಗಿಯೊಬ್ಬರ ಮಗಳು